ಗಿರಣಿ ಕೊಟ್ರೇಶನ ಬಿಸಿಲ ಬ್ಯಾಟರಿ

ನನ್ನ ತಮ್ಮ ಕೊಟ್ರೇಶ ದಿನಾ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವ ಮೊದಲು ಮಾಳಿಗೆ ಹತ್ತಿ, ಅಲ್ಲಿರುವ ಸೋಲಾರ್ ಪ್ಲೇಟಿನ ಗಾಜು ಒರೆಸುತ್ತಾನೆ. ಮೊದಲು ಹಸಿ ಬಟ್ಟೆ, ಆಮೇಲೆ ಒಣ ಬಟ್ಟೆ. ಆ ಪ್ಲೇಟಿನಿಂದ ಕೆಳಗಿನ ಬ್ಯಾಟರಿ ತುಂಬುತ್ತದೆ. ತುಂಬಿ ಯಾರಿಗೆ ಏನು ಬಂತು ಎಂದು ಅವನನ್ನು ಕೇಳಬೇಡಿ. ನಾನು ಒಮ್ಮೆ ಕೇಳಿದ್ದೇನೆ. "ಧೂಳ ಕುಂತಿತ್ತಕ್ಕ" ಎಂದ, ಅಷ್ಟೇ. ಅವನ ಹೆಂಡತಿ ಸುಧಾರಾಣಿ ಬದುಕಿದ್ದಾಗ ಆ ಬ್ಯಾಟರಿಗೆ ಒಂದು ಕೆಲಸವಿತ್ತು: ಕರೆಂಟು ಹೋದಾಗ ಅವಳ ಉಸಿರು ನಿಲ್ಲದ ಹಾಗೆ ನೋಡಿಕೊಳ್ಳುವುದು. ಅದಕ್ಕೆಂದೇ ಅವನು ಅದನ್ನು ಕಟ್ಟಿದ್ದ.

ನಾನು ಶೈಲಾ, ಅವನ ಅಕ್ಕ. ಬ್ಯಾಡಗಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿ ಗಂಟಲು ಹರಿದುಕೊಂಡವಳು. ನನ್ನ ಬಾಯಿ ದೊಡ್ಡದು ಅಂತ ಹಲಗೇರಿಯಿಂದ ಬ್ಯಾಡಗಿಯವರೆಗೆ ಎಲ್ಲರಿಗೂ ಗೊತ್ತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಆ ಒದೆಗಳನ್ನು ಬೇಕಾದಷ್ಟು ತಿಂದಿದ್ದೇನೆ. ಆದರೂ ಒಂದು ಮಾತನ್ನು ಮಾತ್ರ ಇಷ್ಟು ವರ್ಷ ಒಳಗೇ ಇಟ್ಟುಕೊಂಡೆ. ನಮ್ಮ ಅವ್ವ ಶಾರದವ್ವ ಹೋದ ಮಾಘದಲ್ಲಿ ತೀರಿಕೊಂಡಳು. ಅವಳು ಇರುವವರೆಗೂ ಕೊಟ್ರೇಶ ಊಟಕ್ಕೆ ಕೂತಾಗಲೆಲ್ಲ "ಹೆಂಡ್ತೀನ ಕೊಂದ ಕೈ ಇದು" ಎನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ಅದೇ ಕೈಯಿಂದ ಉಣ್ಣುತ್ತಿದ್ದ. ಅವ್ವ ಹೋದಳು, ಇನ್ನು ಹೇಳಬಹುದು.

ಹಲಗೇರಿಯ ನಮ್ಮ ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಅಪ್ಪ ಹಾಕಿದ ಗಿರಣಿ. ಒಂದು ಮೂಲೆಯಲ್ಲಿ ಜೋಳ, ಗೋಧಿ ಬೀಸುವ ಕಲ್ಲು, ಇನ್ನೊಂದು ಮೂಲೆಯಲ್ಲಿ ಖಾರ ಕುಟ್ಟುವ ಯಂತ್ರ. ಬ್ಯಾಡಗಿ ಮೆಣಸಿನಕಾಯಿಯ ಸೀಮೆ ನಮ್ಮದು. ಬೇಸಿಗೆ ಹತ್ತಿರ ಬಂತೆಂದರೆ ಸುತ್ತಲಿನ ಹಳ್ಳಿಗಳ ಹೆಂಗಸರು ವರ್ಷದ ಖಾರ ಕುಟ್ಟಿಸಲು ಚೀಲ ಹೊತ್ತು ಬರುತ್ತಿದ್ದರು. ಯಂತ್ರದ ಒನಕೆಗಳು ಏಳುತ್ತ ಬೀಳುತ್ತ ಇದ್ದರೆ ಓಣಿಯಲ್ಲಿ ಹೋಗುವ ನಾಯಿಯೂ ಸೀನುತ್ತಿತ್ತು. ನಾವು ಅದರಲ್ಲೇ ಬೆಳೆದವರು, ನಮಗೇನೂ ಆಗಲಿಲ್ಲ. ಸುಧಾರಾಣಿ ಐರಣಿಯವಳು, ಹೊಳೆ ದಂಡೆಯ ಗಾಳಿ ಕುಡಿದು ಬೆಳೆದ ಹುಡುಗಿ. ಸೊಸೆಯಾಗಿ ಬಂದು ಎರಡು ವರ್ಷ ಆಗುವುದರೊಳಗೆ ಅವಳಿಗೆ ದಮ್ಮು ಶುರುವಾಯಿತು.

"ಐರಣಿಯಿಂದನ ತಂದಾಳ" ಎಂದಳು ಅವ್ವ. ಅವ್ವನಿಗೆ ಎಲ್ಲದಕ್ಕೂ ಒಬ್ಬ ಕಳ್ಳ ಬೇಕು. ಹಾಲು ಉಕ್ಕಿದರೆ ಯಾರ ಕಣ್ಣು ಬಿತ್ತು, ಉಪ್ಪಿನಕಾಯಿ ಬೂಸಲು ಹಿಡಿದರೆ ಯಾರ ಕೈ ಮುಟ್ಟಿತು ಎಂದು ಹುಡುಕುವಳು. ಕಳ್ಳ ಸಿಕ್ಕಮೇಲೆ ಬಿಡುತ್ತಿರಲಿಲ್ಲ. ಸತ್ತವರನ್ನೂ ಬಿಡುತ್ತಿರಲಿಲ್ಲ. ಅಪ್ಪ ಎದೆನೋವಿನಿಂದ ಹೋದದ್ದು. ಅವ್ವ ಮಾತ್ರ ಬಂದವರ ಮುಂದೆಲ್ಲ, "ಬ್ಯಾಡ ಬ್ಯಾಡ ಅಂದ್ರೂ ಬೀಡಿ ಸೇದಿದ, ತನ್ನ ಸಾವು ತಾನ ಕರಕೊಂಡ" ಎಂದು ಗೋಡೆಯ ಮೇಲಿನ ಫೋಟೋ ಕಡೆ ಕೈ ಮಾಡಿ ಬೈಯುತ್ತಿದ್ದಳು. ಕೆಟ್ಟವಳಲ್ಲ. ದುಃಖಕ್ಕೆ ಒಂದು ಹೆಸರು ಸಿಕ್ಕರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಕೊಟ್ರೇಶನಿಗೆ ಚಿಕ್ಕಂದಿನಿಂದಲೂ ತಂತಿಯ ಹುಚ್ಚು. ಅಪ್ಪನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ಹಿಡಿ ಸಾಮಾನು ಹೊರಗೇ ಉಳಿದಿತ್ತು. ರೇಡಿಯೋ ಮಾತ್ರ ಮೊದಲಿಗಿಂತ ಜೋರಾಗಿ ಒದರುತ್ತಿತ್ತು. ಓದಿದ್ದು ಹತ್ತನೆಯವರೆಗೆ, ಅದೂ ತಿಣುಕಿ ತಿಣುಕಿ. ಗಿರಣಿ ಮುಚ್ಚಿದ ಮೇಲೆ ಸೋಲ್ಡರಿಂಗ್ ಕಡ್ಡಿ ಕಾಯಿಸಿಕೊಂಡು ಕೂತನೆಂದರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ತಾನಾಗಿ ಹತ್ತಿ ತಾನಾಗಿ ಆರುವ ದೀಪದ ಸರ, ಬಾಗಿಲು ತೆಗೆದರೆ ಕೂಗುವ ಗಂಟೆ, ಇಂಥವೇ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ" ಎಂದು ಅವ್ವ ಗೊಣಗುತ್ತಿದ್ದಳು. ಹಿಟ್ಟಿನ ಗಿರಣಿಯವರ ಮನೆಯಲ್ಲಿ ಹಿಟ್ಟಿಗೇನು ಬರವೇ ಎಂದು ಸುಧಾರಾಣಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ದಮ್ಮು ಜೋರಾದಾಗ ರಾಣೇಬೆನ್ನೂರಿನ ಡಾಕ್ಟರು ಒಂದು ಸಣ್ಣ ಯಂತ್ರ ಬರೆದುಕೊಟ್ಟರು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಮೂಗು ಬಾಯಿಗೆ ಕೊಡುವ ಯಂತ್ರ. ನೆಬ್ಯುಲೈಜರ್ ಎಂಬ ಅದರ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಹೊಗಿ ಮಶೀನು ಎಂದರು, ಅದೇ ಉಳಿಯಿತು. ಸಣ್ಣ ದಮ್ಮಿಗೆ ಬಾಯಿಗೆ ಹಿಡಿಯುವ ಪಂಪು, ದೊಡ್ಡದಕ್ಕೆ ಹೊಗಿ ಮಶೀನು. ಜೊತೆಗೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ಧೂಳಿನಿಂದ ದೂರ ಇಡಿ.

ಅಂದು ನಾನು ಕೊಟ್ರೇಶನ ಜೊತೆ ಜಗಳವಾಡಿದೆ. "ಆ ಖಾರ ಕುಟ್ಟೋ ಯಂತ್ರ ತಗದ ಒಗಿ ಮೊದ್ಲ" ಎಂದೆ.

"ಅದನ್ನ ತಗದ್ರ ಬರೇ ಹಿಟ್ಟಿಗೆ ಯಾರ ಬರ್ತಾರಕ್ಕ? ಬಸ್ ಸ್ಟ್ಯಾಂಡಿನ್ಯಾಗ ಹೊಸಾ ಗಿರಣಿ ಆಗೇತಿ."

"ಹೆಂಡ್ತಿ ಬೇಕೋ ಖಾರ ಬೇಕೋ?"

"ಗ್ವಾಡಿ ಎತ್ತರಸ್ತೀನಿ ತಡಿ" ಎಂದ. ಗೋಡೆಯನ್ನು ಮಾಳಿಗೆಯವರೆಗೆ ಎತ್ತರಿಸಿದ, ಬಿರುಕಿಗೆಲ್ಲ ಸಿಮೆಂಟು ಮೆತ್ತಿದ. ಧೂಳಿಗೆ ಗೋಡೆ ಯಾವ ಲೆಕ್ಕ? ಬೆಳಿಗ್ಗೆ ಎದ್ದರೆ ತುಳಸಿ ಎಲೆಯ ಮೇಲೂ ಕೆಂಪು ಪುಡಿ ಇರುತ್ತಿತ್ತು. ನನಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಆಗಿನ ಕರೆಂಟಿನ ಬಾಳು ನಿಮಗೆ ಹೇಳಬೇಕಾಗಿಲ್ಲ. ಇದ್ದಾಗ ಇತ್ತು, ಇಲ್ಲದಾಗ ಇಲ್ಲ. ಒಂದು ಸಂಜೆ ಸುಧಾರಾಣಿಗೆ ದಮ್ಮು ಏರಿತು, ಕರೆಂಟು ಇರಲಿಲ್ಲ. ಪಂಪಿಗೆ ಅದು ಬಗ್ಗಲಿಲ್ಲ. ಕೊಟ್ರೇಶ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬೆನ್ನು ನೀವುತ್ತ ಬೀದಿಯ ಕಂಬದ ಬಲ್ಬನ್ನೇ ನೋಡುತ್ತ ಇದ್ದನಂತೆ. ಬಲ್ಬು ಹತ್ತಿದ ಕೂಡಲೇ ಎತ್ತಿಕೊಂಡು ಒಳಗೆ ಓಡಿದ. ಆ ಸಲ ಬದುಕಿದಳು. ಮರುದಿನದಿಂದ ಅವನು ದೀಪದ ಸರ, ಕೂಗುವ ಗಂಟೆ ಎಲ್ಲ ಬಿಟ್ಟ. ಬಿಸಿಲನ್ನು ಹಿಡಿದು ಬ್ಯಾಟರಿಯಲ್ಲಿ ಕೂಡಿಡಬೇಕು, ಕರೆಂಟು ಹೋದರೂ ಹೊಗಿ ಮಶೀನು ನಡೆಯಬೇಕು, ಇದೊಂದೇ ಧ್ಯಾನ.

ಇದಕ್ಕೆ ಅವನಿಗೆ ಸಿಕ್ಕ ಜೊತೆಗಾರ ಮಹಮ್ಮದ್ ಹನೀಫ್. ರಾಣೇಬೆನ್ನೂರಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ಹಳೇ ಬ್ಯಾಟರಿಗೆ ಜೀವ ತುಂಬುವ ಅಂಗಡಿ ಅವನದು. ವಯಸ್ಸಿನಲ್ಲಿ ಕೊಟ್ರೇಶನಿಗಿಂತ ದೊಡ್ಡವನು, ಹುಚ್ಚಿನಲ್ಲಿ ಸಮ. ಇಬ್ಬರೂ ಕೂಡಿ ಹಾವೇರಿಯ ಗುಜರಿಯಲ್ಲಿ ಒಂದು ಸೋಲಾರ್ ಪ್ಲೇಟು ಹುಡುಕಿದರು. ಯಾವುದೋ ಹಳ್ಳಿಯ ಟೆಲಿಫೋನಿಗೆ ಹಾಕಿದ್ದದ್ದಂತೆ. ಒಂದು ಮೂಲೆ ಮಬ್ಬಾಗಿತ್ತು, ಆದರೂ ಬಿಸಿಲಿಗೆ ಹಿಡಿದರೆ ಕರೆಂಟು ಕೊಡುತ್ತಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಪಕ್ಕದಲ್ಲಿ ಕೂತ ಮುದುಕ, "ದೇವರ ಫೋಟೋ ಏನಪಾ?" ಎಂದು ಕೇಳಿ ಕೈ ಮುಗಿದನಂತೆ.

ಹನೀಫ್ ಒಂದು ಲಾರಿ ಬ್ಯಾಟರಿ ಕೊಟ್ಟ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಮಾಡುವ ಇನ್ವರ್ಟರ್ ಪೆಟ್ಟಿಗೆಯನ್ನು ಇಬ್ಬರೂ ಕೂಡಿ ಕಟ್ಟಿದರು. ಸುಲಭಕ್ಕೆ ಆಗಲಿಲ್ಲ. ಹಗಲೆಲ್ಲ ತುಂಬಿದ ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿ. ಕತ್ತಲಲ್ಲಿ ಕರೆಂಟು ಹಿಂದಕ್ಕೆ ಪ್ಲೇಟಿಗೇ ಸೋರಿ ಹೋಗುತ್ತಿತ್ತು, ಅದಕ್ಕೆ ನಡುವೆ ಒಂದು ತಡೆ ಹಾಕಬೇಕಿತ್ತು ಎಂಬುದು ತಿಳಿಯಲು ಒಂದು ಮಳೆಗಾಲ ಹಿಡಿಯಿತು. ಆಸಿಡ್ ಸಿಡಿದು ಅವನ ಲುಂಗಿಗಳೆಲ್ಲ ಜರಡಿಯಾದವು. ಮಾಳಿಗೆಯ ಮೇಲೆ ಅವ್ವ ಸಂಡಿಗೆ ಒಣಹಾಕುವ ಒಳ್ಳೇ ಬಿಸಿಲಿನ ಜಾಗವನ್ನು ಪ್ಲೇಟು ನುಂಗಿತು. "ಸೂರ್ಯಾನ್ನ ಡಬ್ಬ್ಯಾಗ ಹಾಕಾಕತ್ತಾನ ನನ್ನ ಮಗಾ, ನನ್ನ ಸಂಡಿಗಿ ಮಾತ್ರ ನೆಳ್ಳಾಗ ಕೊಳ್ಯಾಕತ್ತಾವ" ಎಂದು ಅವ್ವ ಓಣಿಗೆಲ್ಲ ಸಾರಿದಳು. ಮೇಲಾಗಿ ಗಾಜಿನ ಮೇಲೆ ಖಾರದ ಪುಡಿ ಕೂತು ಬಿಸಿಲು ಒಳಗೆ ಇಳಿಯುತ್ತಿರಲಿಲ್ಲ. ಹಾಗಾಗಿ ದಿನಾ ಒರೆಸುವ ರೂಢಿ ಬಂತು. ಅವನು ಒರೆಸಿದ ಬಟ್ಟೆ ಹಿಂಡಿದರೆ ನೀರು ಕೆಂಪಗೆ ಇಳಿಯುತ್ತಿತ್ತು. ಅದೇ ಪುಡಿ ಅವಳ ಎದೆಯಲ್ಲೂ ಇತ್ತು. ಅದನ್ನು ಒರೆಸಲು ಬಟ್ಟೆ ಎಲ್ಲಿಂದ ತರುವುದು?

ಸುಧಾರಾಣಿ ಬ್ಯಾಟರಿಗೆ ಇಟ್ಟ ಹೆಸರು ಸವತಿ. ನಾನು ತವರಿಗೆ ಬಂದಾಗಲೆಲ್ಲ ದೂರು ತಯಾರು. "ನೋಡ್ರಿ ಅಕ್ಕಾರ, ನಿಮ್ಮ ತಮ್ಮ ಸವತಿ ಕೂಡನ ಇರ್ತಾರ. ಆಕಿಗೆ ನೀರು ಕುಡಸ್ತಾರ, ಮೈ ಒರಸ್ತಾರ. ಮೊನ್ನಿ ನನ್ನ ಉಗುರಬಣ್ಣಾನೂ ಒಯ್ದು ಆಕಿಗೇ ಹಚ್ಚ್ಯಾರ!"

ಉಗುರುಬಣ್ಣದ ಮಾತು ನಿಜ. ಬ್ಯಾಟರಿಯ ತಲೆಯ ಮೇಲೆ ತಂತಿ ಸಿಕ್ಕಿಸುವ ಎರಡು ಸೀಸದ ಗೂಟಗಳಿದ್ದವು. ಒಂದು ಪ್ಲಸ್, ಒಂದು ಮೈನಸ್. ಹಳೇ ಬ್ಯಾಟರಿ, ಅದರ ಮೇಲಿನ ಗುರುತು ಎಂದೋ ಸವೆದು ಹೋಗಿತ್ತು. ಅದಲುಬದಲಾದರೆ ಇನ್ವರ್ಟರ್ ಸುಟ್ಟೇ ಹೋಗುತ್ತದೆ ಎಂದು ಹನೀಫ್ ಎಚ್ಚರಿಸಿದ್ದ. ಅದಕ್ಕೆ ಕೊಟ್ರೇಶ ಪ್ಲಸ್ ಗೂಟಕ್ಕೆ ಹೆಂಡತಿಯ ಕೆಂಪು ಉಗುರುಬಣ್ಣ ಹಚ್ಚಿದ. ಪ್ಲಸ್ ತಂತಿಗೆ ಕೆಂಪು ಪಟ್ಟಿ ಸುತ್ತಿದ. ಕೆಂಪಿಗೆ ಕೆಂಪು, ಇಷ್ಟೇ ನೆನಪಿಡಬೇಕಾದದ್ದು.

ಒಂದು ಮಳೆಯ ಸಂಜೆ ಅದು ಮೊದಲ ಸಲ ಕೆಲಸಕ್ಕೆ ಬಂತು. ಕರೆಂಟು ಹೋಗಿತ್ತು, ಸುಧಾರಾಣಿಗೆ ಉಸಿರು ಕಟ್ಟತೊಡಗಿತ್ತು, ಕೊಟ್ರೇಶ ಗುಂಡಿ ಒತ್ತಿದ. ಇನ್ವರ್ಟರ್ ಜೀರುಂಡೆಯ ಹಾಗೆ ಗುಂಯ್ ಎಂದಿತು, ಹೊಗಿ ಮಶೀನು ನಡೆಯಿತು. ಆಮೇಲಿನಿಂದ ಎಷ್ಟೋ ಸಲ ನಡೆಯಿತು. ಮುಂದಿನ ಬೇಸಿಗೆಗೆ ಸುಧಾರಾಣಿಯ ಮುಖಕ್ಕೆ ಬಣ್ಣ ಬಂದಿತ್ತು. ಕರೆಂಟು ಹೋದರೆ ಮೊದಲು ಅವನ ಮುಖ ಕಪ್ಪಿಡುತ್ತಿತ್ತು, ಈಗ ಇಬ್ಬರೂ ಸುಮ್ಮನೆ ಕೂತು ಮಾತಾಡುತ್ತಿದ್ದರು. ಅದನ್ನು ನೋಡಿ ನನಗೂ ನೆಮ್ಮದಿಯಾಗಿ ಖಾರದ ಯಂತ್ರದ ಮಾತು ತೆಗೆಯುವುದನ್ನು ನಿಲ್ಲಿಸಿದ್ದೆ.

ದಸರೆಯ ಖಂಡೆ ಪೂಜೆಗೆ ನಾನು ಪ್ರತಿವರ್ಷ ತವರಿಗೆ ಹೋಗುವವಳು. ಅಂದು ನಮ್ಮ ಕಡೆ ಅನ್ನ ಕೊಡುವ ಯಂತ್ರ, ಕತ್ತಿ, ತಕ್ಕಡಿ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತಾರೆ. ಪೂಜೆಗೆ ಇಟ್ಟದ್ದನ್ನು ಅಂದು ದುಡಿಸುವ ಹಾಗಿಲ್ಲ, ಬನ್ನಿಯ ದಿನವೇ ಮತ್ತೆ ಮುಟ್ಟುವುದು. ಅಪ್ಪ ಗಿರಣಿಯ ಬೆಲ್ಟನ್ನೇ ಕಳಚಿ ಇಡುತ್ತಿದ್ದ. ವರ್ಷವೆಲ್ಲ ದುಡಿದದ್ದಕ್ಕೆ ಒಂದು ದಿನವಾದರೂ ಸೂಟಿ ಬೇಡವೇ ಎನ್ನುತ್ತಿದ್ದ. ಕೊಟ್ರೇಶನೂ ಅದನ್ನೇ ನಡೆಸಿಕೊಂಡು ಬಂದಿದ್ದ.

ಆ ವರ್ಷ ಹಿಂದಿನ ದಿನವೇ ಗಿರಣಿಯ ಧೂಳೆಲ್ಲ ಹೊಡೆದಿದ್ದರು. ಬೇಡವೆಂದರೂ ಕೇಳದೆ ಸುಧಾರಾಣಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೊರಕೆ ಹಿಡಿದಿದ್ದಳು. ಹಬ್ಬದ ಬೆಳಿಗ್ಗೆ ಸ್ವಲ್ಪ ಕೆಮ್ಮುತ್ತಿದ್ದಳು, ಆದರೆ ಹಸಿರು ಸೀರೆ ಉಟ್ಟು ಓಡಾಡಿಕೊಂಡಿದ್ದಳು. ಅವ್ವ ವಿಧವೆ, ಪೂಜೆಯ ಹತ್ತಿರ ಬರದೆ ಒಲೆ ಮುಂದೆ ಹೋಳಿಗೆ ತಟ್ಟುತ್ತಿದ್ದಳು. ಮನೆಯ ಮುತ್ತೈದೆ ಎಂದು ಪೂಜೆ ಸುಧಾರಾಣಿಯದು, ಅರಿಶಿನ ಕುಂಕುಮದ ತಟ್ಟೆ ಹಿಡಿಯುವುದು ನನ್ನ ಕೆಲಸ. ಕಲ್ಲಿಗಾಯಿತು, ಖಾರದ ಯಂತ್ರಕ್ಕಾಯಿತು, ತಕ್ಕಡಿಗಾಯಿತು. ಆಮೇಲೆ ಅವಳು ಮನೆಯೊಳಗಿನ ಬ್ಯಾಟರಿಯ ಮುಂದೆ ಬಂದು ನಿಂತಳು.

"ರೀ, ಸವತಿಗೂ ಇವತ್ತ ಸೂಟಿ ಕೊಡ್ರಿ" ಎಂದಳು.

ಕೊಟ್ರೇಶ ತಲೆ ಕೆರೆದುಕೊಂಡ. "ಕರೆಂಟ್ ಹೋದ್ರ?"

"ಹಬ್ಬದ ದಿವಸ ತಗಿಯೂದಿಲ್ಲ ಬಿಡ್ರಿ. ಗಿರಣಿಗೆ ಒಂದು ನ್ಯಾಯ, ಆಕಿಗೆ ಒಂದು ನ್ಯಾಯಾನ? ನನ್ನ ಉಸರ ಕಾಯ್ದಾಳ, ಒಂದ ದಿನ ಕುಂದರ್ಲಿ."

ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಊರೆಲ್ಲ ನಕ್ಕ ಆ ಪೆಟ್ಟಿಗೆಗೆ ಹೆಂಡತಿ ಗಿರಣಿಯ ಸಮಾನ ಪೂಜೆ ಮಾಡುತ್ತೇನೆ ಎಂದಿದ್ದಳು. ಎರಡೂ ತಂತಿ ಬಿಚ್ಚಿದ, ಬ್ಯಾಟರಿಯನ್ನು ತಾನೇ ಒರೆಸಿದ. ಸುಧಾರಾಣಿ ಚೆಂಡು ಹೂವಿನ ಮಾಲೆ ಹಾಕಿದಳು. ನನ್ನ ತಟ್ಟೆಯಿಂದ ಕುಂಕುಮ ತೆಗೆದು ಉಂಗುರದ ಬೆರಳಿನಿಂದ ಒಂದು ಗೂಟಕ್ಕೆ ಹಚ್ಚಿದಳು, ಇನ್ನೊಂದಕ್ಕೂ ಹಚ್ಚಿದಳು.

"ಸವತಿ ಆದ್ರೇನಾತ್ರಿ ಅಕ್ಕಾರ, ಮುತ್ತೈದಿ ಅಲ್ಲೇನು? ಕೈ ತುಂಬ ಕೊಡಬೇಕು" ಎಂದು ಇನ್ನಷ್ಟು ಮೆತ್ತಿದಳು. ನಾವು ಮೂವರೂ ನಕ್ಕೆವು.

ಮಧ್ಯಾಹ್ನ ಹೋಳಿಗೆ ಊಟವಾಗಿ ಎಲೆ ಎತ್ತುವ ಹೊತ್ತಿಗೆ ಕರೆಂಟು ಹೋಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಸುಧಾರಾಣಿ ಅಡಿಗೆಮನೆಯ ಬಾಗಿಲು ಹಿಡಿದು ನಿಂತಳು. ಹಿಂದಿನ ದಿನದ ಧೂಳು, ಅಂದಿನ ಲೋಬಾನದ ಹೊಗೆ ಎಲ್ಲ ಕೂಡಿ ಎದೆಗೆ ಬಂದಿತ್ತು. ಪಂಪು ಕೊಟ್ಟೆವು. ಮತ್ತೆ ಕೊಟ್ಟೆವು. ಅವಳು ಕೈಯಿಂದ ಬ್ಯಾಟರಿ ಕಡೆ ತೋರಿಸಿದಳು.

ಕೊಟ್ರೇಶ ಓಡಿ ಹೋಗಿ ಮಾಲೆ ಕಿತ್ತೆಸೆದು ಬಿಚ್ಚಿದ ತಂತಿಗಳನ್ನು ಕೈಗೆ ತೆಗೆದುಕೊಂಡ. ಕೆಂಪು ಪಟ್ಟಿಯ ತಂತಿ ಬಲಗೈಯಲ್ಲಿತ್ತು. ಗೂಟಗಳ ಮೇಲೆ ಬಗ್ಗಿದ. ಎರಡೂ ಕೆಂಪು. ಹಿಂದೆ ಅವಳ ಉಸಿರು ಸೀಟಿಯ ಹಾಗೆ ಕೂಗುತ್ತಿತ್ತು. ಅವನ ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಸಿಕ್ಕಿಸಿಬಿಟ್ಟ. ಫಟ್ ಎಂದು ಸದ್ದಾಯಿತು. ಇನ್ವರ್ಟರಿನಿಂದ ಸುಟ್ಟ ವಾಸನೆ ಬಂತು. ಅವನು ತಂತಿ ಬದಲಿಸಿ ಹಾಕಿದ. ಏನೂ ಆಗಲಿಲ್ಲ. ಗುಂಡಿ ಒತ್ತಿದ, ಮತ್ತೆ ಒತ್ತಿದ.

ಎದುರು ಮನೆಯವರು ಟಂಟಂ ಗಾಡಿಯನ್ನು ಪೂಜೆಗೆ ಇಟ್ಟಿದ್ದರು. ಗಾಲಿಯ ಕೆಳಗಿನ ನಿಂಬೆಹಣ್ಣು ಒದ್ದು, ಬಾಳೆಕಂಬ ಕಟ್ಟಿಕೊಂಡ ಹಾಗೆಯೇ ಹೊರಡಿಸಿದರು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಹಬ್ಬದ ಜನ, ಹೂವಿನ ಗಾಡಿಗಳು. ರಾಣೇಬೆನ್ನೂರು ಮುಟ್ಟುವ ಮೊದಲೇ ಅವಳು ಹೋದಳು. ಕೊಟ್ರೇಶ ಅವಳ ಪಾದ ಹಿಡಿದುಕೊಂಡು ಕೂತಿದ್ದ. ನಾನು ಹೇಳಲಿಲ್ಲ. ಅವನಿಗೆ ತಿಳಿದಿತ್ತು, ಅವನೂ ಹೇಳಲಿಲ್ಲ. ಆಸ್ಪತ್ರೆಯವರೆಗೆ ಹೋಗಿ ಅವರ ಬಾಯಿಂದ ಕೇಳಿಕೊಂಡು ವಾಪಸು ಬಂದೆವು. ಮನೆಯ ಎಲ್ಲ ದೀಪಗಳೂ ಹತ್ತಿದ್ದವು. ಕರೆಂಟು ಬಂದು ಬಹಳ ಹೊತ್ತಾಗಿತ್ತಂತೆ.

ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ಮಣ್ಣಾಯಿತು. ಐರಣಿಯವರು ಬಂದು ಅತ್ತು ಹೋದರು. ಕೊಟ್ರೇಶ ಅಳಲಿಲ್ಲ. ನಾನೂ ಅಳಲಿಲ್ಲ, ಅಳು ಎಲ್ಲೋ ಬೇರೆಯವರ ಮನೆಯಲ್ಲಿ ನಡೆದಿದೆ ಎನ್ನಿಸುತ್ತಿತ್ತು. ಕೊಟ್ರೇಶ ಉಣ್ಣು ಎಂದರೆ ಉಂಡ, ಮಲಗು ಎಂದರೆ ಮಲಗಿದ. ಬೆಳಿಗ್ಗೆ ಎದ್ದು ಮಾಳಿಗೆ ಹತ್ತಿ ಗಾಜು ಒರೆಸಿದ.

ಸುದ್ದಿ ಕೇಳಿ ಬಂದ ಹನೀಫ್ ಇನ್ವರ್ಟರಿನ ಮುಚ್ಚಳ ತೆಗೆದು ನೋಡಿದ. ಸುಟ್ಟು ಕರಕಾಗಿದ್ದ ಸಾಮಾನನ್ನು ನೋಡಿ, ಎದುರಿಗೆ ಕೂತ ಕೊಟ್ರೇಶನನ್ನು ನೋಡಿ, ಮುಚ್ಚಳ ಹಾಕಿದ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ಏನಾಗಿತ್ತಪಾ ಅದಕ್ಕ?" ಎಂದು ಕೇಳಿದರು.

"ಒಳಗ ಹಳೇ ಸಾಮಾನು ಹಾಕಿದ್ದೆರಿ. ತಡೀಲಿಲ್ಲ. ತಪ್ಪು ನಂದ ಐತ್ರಿ" ಎಂದ ಹನೀಫ್.

ಅವ್ವನಿಗೆ ಕಳ್ಳ ಸಿಕ್ಕ. ಅಲ್ಲಿಯವರೆಗೆ ಹಬ್ಬಕ್ಕೆ ನಮ್ಮ ಮನೆಯ ಹೋಳಿಗೆ ಉಂಡು ಹೋಗುತ್ತಿದ್ದ ಮನುಷ್ಯನಿಗೆ ಅಂದಿನಿಂದ ಒಂದು ತಂಬಿಗೆ ನೀರೂ ಇಲ್ಲ. "ಗುಜರಿ ಕೊಟ್ಟು ನನ್ನ ಸೊಸೀನ ತಿಂದ" ಎಂದು ಓಣಿಗೆಲ್ಲ ಕೇಳುವ ಹಾಗೆ ಬೈದಳು. ಅವನು ಇನ್ವರ್ಟರನ್ನು ಹೆಗಲಿಗೇರಿಸಿಕೊಂಡು ಹೋದ.

ನನಗೆ ನಂಬಿಕೆ ಬರಲಿಲ್ಲ. ಒಂದು ದಿನ ಶಾಲೆ ಬಿಟ್ಟವಳೇ ಬ್ಯಾಡಗಿಯಿಂದ ಬಸ್ಸು ಹತ್ತಿ ರಾಣೇಬೆನ್ನೂರಿಗೆ ಹೋಗಿ ಅವನ ಅಂಗಡಿಯ ಮುಂದೆ ನಿಂತೆ. "ಹನೀಫಣ್ಣ, ಖರೇ ಹೇಳು" ಎಂದೆ.

"ಉಲ್ಟಾ ಕೊಟ್ಟಾನ್ರಿ ಅಕ್ಕೋರ" ಎಂದ ನೆಲ ನೋಡುತ್ತ. "ಹೆಂಡ್ತಿ ಕಳಕೊಂಡ ಕುಂತಾಂವಗ ಹೆಂಗ್ರಿ ಹೇಳ್ಲಿ? ನನಗ ಬೈದ್ರ ಬೈಲಿ, ನನ್ನ ಮೈಗೇನ ಹತ್ತತೈತಿ."

ಅದು ತನ್ನ ಕೈಯಿಂದಲೇ ಆದದ್ದೆಂದು ಕೊಟ್ರೇಶನಿಗೆ ಗೊತ್ತೋ ಇಲ್ಲವೋ ಎಂದು ನಾನೂ ಕೇಳಲಿಲ್ಲ. ಕೇಳಿದ್ದರೂ ಅವನು ಏನನ್ನುತ್ತಿದ್ದ? ಆ ವರ್ಷ ಅವನು ಮಾತಾಡಿದ್ದೆಲ್ಲ ಬಂದವರ ಹಿಟ್ಟು ನುಣ್ಣಗೆ ಬೇಕೋ ತರಿ ಬೇಕೋ ಎಂದು. ಖಾರದ ಯಂತ್ರವನ್ನು ಕುಪ್ಪೇಲೂರಿನವರಿಗೆ ಕೊಟ್ಟುಬಿಟ್ಟ. ಆ ಸುದ್ದಿ ಕೇಳಿ ನನಗೆ ಬಂದದ್ದು ಸಿಟ್ಟು. ಈ ಬುದ್ಧಿ ಆಗಲೇ ಬಂದಿದ್ದರೆ ಏನಾಗುತ್ತಿತ್ತು ನಿನಗೆ ಎಂದು ಒಬ್ಬಳೇ ಬೈದುಕೊಂಡೆ. ಮಾಳಿಗೆಯ ಗಾಜಿನ ಮೇಲೆ ಈಗ ಕೆಂಪು ಕೂರುತ್ತಿರಲಿಲ್ಲ, ಬರೀ ಬಿಳಿ ಹಿಟ್ಟು. ಅದನ್ನೂ ದಿನಾ ಒರೆಸುತ್ತಿದ್ದ. ಹನೀಫ್ ಇನ್ವರ್ಟರ್ ರಿಪೇರಿ ಮಾಡಿ ತಂದು ಹೊರಗಿನ ಕಟ್ಟೆಯಿಂದಲೇ ಕೊಟ್ಟು ಹೋಗಿದ್ದ. ಬ್ಯಾಟರಿ ಯಾವಾಗಲೂ ತುಂಬಿಯೇ ಇರುತ್ತಿತ್ತು. ಹೊಗಿ ಮಶೀನು ಅದರ ಪಕ್ಕದಲ್ಲಿ, ಮೇಲೊಂದು ಶುಭ್ರ ಟವೆಲ್ಲು.

ಮತ್ತೆ ಖಂಡೆ ಪೂಜೆ ಬಂತು. ಮನೆಯಲ್ಲಿ ಈಗ ಮುತ್ತೈದೆ ಎಂದರೆ ಹಬ್ಬಕ್ಕೆ ಬಂದ ನಾನೊಬ್ಬಳೇ. ಹನೀಫ್ ಬ್ಯಾಟರಿಗೆ ಹಾಕುವ ನೀರಿನ ಡಬ್ಬಿ ತಂದು ಕಟ್ಟೆಯ ತುದಿಯಲ್ಲಿ ಕೂತಿದ್ದ. ಅವ್ವ ಅವನನ್ನು ನೋಡಿಯೂ ನೋಡದ ಹಾಗೆ ಬಾಗಿಲ ಒಳಗೆ ಗೋಡೆಗೆ ಒರಗಿದ್ದಳು. ಕಲ್ಲಿಗೆ, ತಕ್ಕಡಿಗೆ ಪೂಜೆ ಮುಗಿಸಿ ನಾನು ತಟ್ಟೆ ಹಿಡಿದು ಬ್ಯಾಟರಿಯ ಹತ್ತಿರ ಬಂದೆ. ಅದರ ತಂತಿ ಕೊಟ್ರೇಶ ಬಿಚ್ಚಿರಲಿಲ್ಲ. ಕುಂಕುಮಕ್ಕೆ ಬೆರಳು ಹಾಕುತ್ತಿದ್ದೆ.

"ಅದಕ್ಕ ಬ್ಯಾಡಕ್ಕ" ಎಂದ ಕೊಟ್ರೇಶ.

"ಯಾಕೋ?" ಎಂದಳು ಅವ್ವ. "ಆ ಹನೀಫ ಮಾಡಿದ ತಪ್ಪಿಗೆ ಬ್ಯಾಟರಿ ಏನ ಮಾಡೇತಿ?"

ಹೊರಗೆ ಹನೀಫ್ ಏಳಲು ಹೋದ. ಕೊಟ್ರೇಶ ಕೈ ಮಾಡಿ ಕೂರಿಸಿದ.

"ಹನೀಫಣ್ಣನ ಮಶೀನು ಚಲೋ ಇತ್ತವ್ವ" ಎಂದ. ಹಿಟ್ಟಿನ ಲೆಕ್ಕ ಹೇಳುವ ದನಿಯಲ್ಲೇ ಹೇಳಿದ. "ನಾನ ತಂತಿ ಉಲ್ಟಾ ಕೊಟ್ಟೆ. ಎರಡೂ ಗೂಟಕ್ಕ ಕುಂಕುಮ ಹತ್ತಿತ್ತು. ಪ್ಲಸ್ ಯಾವದು ತಿಳೀಲಿಲ್ಲ. ಕೇಳಾಕ ಹೊತ್ತಿರಲಿಲ್ಲ."

"ಯಾರ ಹಚ್ಚಿದ್ರೋ ಕುಂಕುಮ?" ಎಂದಳು ಅವ್ವ. ಅವಳು ನೆಟ್ಟಗೆ ಕೂತಿದ್ದಳು. ಆ ದನಿ ನನಗೆ ಗೊತ್ತು. ಅಪ್ಪನ ಫೋಟೋ ಕಡೆ ಕೈ ಮಾಡುವಾಗಿನ ದನಿ. ಗೋಡೆಯ ಮೇಲೆ ಈಗ ಅಪ್ಪನ ಪಕ್ಕದಲ್ಲಿ ಸುಧಾರಾಣಿಯೂ ಇದ್ದಳು.

"ನಾನ ಹಚ್ಚಿದೆ" ಎಂದ ಕೊಟ್ರೇಶ.

ಅವ್ವ ನನ್ನ ಕಡೆ ತಿರುಗಿದಳು. "ಶೈಲಾ, ನೀ ಅಲ್ಲೇ ಇದ್ದೆಲ್ಲ ಅವತ್ತ. ಖರೇನ ಹೇಳು. ಇಂವನ ಹಚ್ಚಿದನೇನ?"

ಕೊಟ್ರೇಶ ನನ್ನನ್ನು ನೋಡಲಿಲ್ಲ. ಬ್ಯಾಟರಿಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಕುಂಕುಮದ ತಟ್ಟೆ ನನ್ನ ಕೈಯಲ್ಲಿತ್ತು, ಅಂದೂ ನನ್ನ ಕೈಯಲ್ಲೇ ಇತ್ತು. ನಗುತ್ತ ಬಂದ ಆ ಉಂಗುರದ ಬೆರಳು ನನ್ನ ಕಣ್ಣ ಮುಂದೆಯೇ ಇತ್ತು.

"ಹೂಂನವ್ವ" ಎಂದೆ. "ಅಂವನ ಹಚ್ಚಿದ."

ಅವ್ವ ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಹನೀಫನ ಮುಂದೆ ಇಟ್ಟಳು.